ಏಕಾದಶಿಗೆ ಐಸ್‌ಕ್ರೀಮು

ಅತ್ಯಾ ಸುಳ್ಳು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಯಾರಾದರೂ ಆಕೆಯನ್ನು ಸುಳ್ಳುಬುರುಕಿ ಅಂದಾರು. ಆಕೆ ಹೇಳುತ್ತಿದ್ದದ್ದು ನಿಜವನ್ನೇ. ಆದರೆ ಅದನ್ನು ತಂದು ಎಂಥ ಜಾಗದಲ್ಲಿ ಇಡುತ್ತಿದ್ದಳೆಂದರೆ, ಎದುರಿಗಿದ್ದವರು ತಾವಾಗಿಯೇ ಎಡವಿ ಬೀಳುತ್ತಿದ್ದರು. ಬಿದ್ದವರನ್ನು ಎಬ್ಬಿಸಿ, ಮೈ ಕೊಡವಿ, ಕುಡಿಯಲು ಮಾವಿನಕಾಯಿಯ ಪನ್ನಾ ಕೊಡುತ್ತಿದ್ದವಳೂ ಅವಳೇ. "ನಾ ಏನ ಅಂದೆ? ಕೇಳಿದ್ದಕ್ಕ ಹೇಳಿದೆ" ಅನ್ನುವುದು ಆಕೆಯ ಖಾಯಂ ಮಾತು.

ಮೊನ್ನೆ ಯಾರೋ ನನ್ನನ್ನು ಕೇಳಿದರು, ಫ್ರಿಜ್ಜಿಲ್ಲದ ಆ ಕಾಲದಲ್ಲಿ ನಾಗಪುರದ ಬಿಸಿಲನ್ನು ಹೇಗೆ ತಡೆದುಕೊಂಡಿರಿ ಎಂದು. ಅತ್ಯಾ ಇದ್ದಳು ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅತ್ಯಾ ನನ್ನ ಗಂಡನ ಅಕ್ಕ. ಸಂಬಂಧದಲ್ಲಿ ನನಗೆ ನಾದಿನಿ, ಅಂದರೆ ಮದುವೆಗೆ ಮೊದಲು ಧಾರವಾಡದಲ್ಲಿ ನನ್ನ ಗೆಳತಿಯರೆಲ್ಲ ಸೇರಿ ಯಾವ ಪ್ರಾಣಿಯ ಹೆಸರು ಹೇಳಿ ನನ್ನನ್ನು ಹೆದರಿಸಿದ್ದರೋ ಆ ಪ್ರಾಣಿ. ಸೋಲಾಪುರದಲ್ಲಿದ್ದ ನಮ್ಮ ಮನೆಯವರ ಅಣ್ಣನ ಮಕ್ಕಳು ಆಕೆಯನ್ನು ಮರಾಠಿಯಲ್ಲಿ ಅತ್ಯಾ, ಅಂದರೆ ಸೋದರತ್ತೆ, ಅನ್ನುತ್ತಿದ್ದವು. ಅವು ಒಂದೆರಡು ಬೇಸಿಗೆ ಸೂಟಿಗೆ ಬಂದು ಹೋಗುವಷ್ಟರಲ್ಲಿ ಹಾಲಿನವ, ಕಲಾಯಿಯವ, ವಾಡೆಯ ಮರಾಠಿ ಮಂದಿ, ಎಲ್ಲರಿಗೂ ಆಕೆ ಅತ್ಯಾ ಆಗಿಬಿಟ್ಟಿದ್ದಳು. ನಾನೂ ಅದನ್ನೇ ಹಿಡಿದೆ. ಎದುರಿಗೆ 'ನೀವು' ಅನ್ನುತ್ತಿದ್ದೆ, ಇಲ್ಲಿ 'ಆಕೆ' ಅನ್ನುತ್ತೇನೆ. ನನಗೆ ಆಕೆ ಅಷ್ಟು ಹತ್ತಿರದವಳು. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಬೇರೆ ಯಾರದೋ ಕಥೆ ಅನ್ನಿಸುತ್ತದೆ.

ಆಕೆಗೆ ಹತ್ತೊಂಬತ್ತಾಗಿದ್ದಾಗ ಗಂಡ ತೀರಿಕೊಂಡ. ಆಮೇಲೆ ಒಂಬತ್ತು ವರ್ಷ ಬಾಗಲಕೋಟೆ ಕಡೆಯ ಗಂಡನ ಮನೆಯಲ್ಲಿ ಒಲೆಯ ಮುಂದೆ ಕೂತಳು. ಅಷ್ಟರಲ್ಲಿ ತಮ್ಮನಿಗೆ, ಅಂದರೆ ನಮ್ಮ ಮನೆಯವರಿಗೆ, ನಾಗಪುರದ ಆಡಿಟ್ ಆಫೀಸಿನಲ್ಲಿ ನೌಕರಿ ಸಿಕ್ಕಿತು. ಖಾನಾವಳಿಯ ಖಾರ ಉಂಡು ಅವರು ಹೊಟ್ಟೆ ಕೆಡಿಸಿಕೊಂಡರು. ಎರಡು ತಿಂಗಳು ಹೋಗಿ ಅವನ ಹೊಟ್ಟೆ ನೆಟ್ಟಗೆ ಮಾಡಿ ಬರುತ್ತೇನೆ ಎಂದು ಅತ್ತೆಮನೆಯಲ್ಲಿ ಹೇಳಿ ಬಂದ ಅತ್ಯಾ, ಹೊಟ್ಟೆ ನೆಟ್ಟಗಾಯಿತು ಎಂದು ಅವರಿಗೆ ತಿಳಿಸಲೇ ಇಲ್ಲ. ಊರಿನ ಕಡೆಯಿಂದ ಬಂದವರು ಯಾರಾದರೂ ಕೇಳಿದರೆ ನಾಗಪುರದ ಖಾರ ಬಲು ಕೆಟ್ಟದ್ದು ಅನ್ನುತ್ತಿದ್ದಳು. ಅದೂ ನಿಜವೇ. ಹೀಗೆ ವರ್ಷಗಳು ಕಳೆದವು.

ನಾವಿದ್ದದ್ದು ನಾಗಪುರದ ಮಹಾಲ್ ಎಂಬ ಪೇಟೆಯಲ್ಲಿ, ಹಲವು ಬಾಡಿಗೆ ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ. ಎರಡು ಕೋಣೆ, ಒಂದು ಅಡಿಗೆಮನೆ, ಅಂಗಳದಲ್ಲಿ ಎಲ್ಲರಿಗೂ ಸೇರಿದ ಬಾವಿ. ಮನೆಯ ಮಾಲಕಿ ಒಬ್ಬ ಮರಾಠಿ ಮುದುಕಿ, ಎಲ್ಲರೂ ಆಕೆಯನ್ನು ಆಜಿ ಅನ್ನುತ್ತಿದ್ದರು. ಬಾಡಿಗೆಯವರು ಮಾಳಿಗೆ ಹತ್ತಕೂಡದು ಎಂಬುದು ಆಜಿಯ ಕಾಯದೆ. ಅತ್ಯಾಗೆ ಸಂಡಿಗೆ ಒಣಗಿಸಲು ಮಾಳಿಗೆ ಬೇಕು. ಜಗಳವಾಡಿದಳೇ? ಛೇ. ಒಂದು ಬೆಳಿಗ್ಗೆ ಆಜಿಯ ಹತ್ತಿರ ಹೋಗಿ, ನಿಮ್ಮ ಗೋದಿಹಾಲಿನ ಸಂಡಿಗೆ, ಈ ಕುರಡಿಗೆ, ಇಷ್ಟು ಬೆಳ್ಳಗಿರುತ್ತದಲ್ಲ, ಕಾಗೆ ಮುಟ್ಟಿದ ಮೇಲೂ ಹೀಗೇ ಇರುತ್ತದೆಯೇ ಎಂದು ಕೇಳಿದಳು. ಆಜಿ ಗಾಬರಿಯಾಗಿ, ಮಾಳಿಗೆಗೆ ಹೋಗಿ ನೀನೇ ಕಾಯಿ ಅಂದಳು. ಕಾಯುವುದಕ್ಕೆ ಅತ್ಯಾ ಒಪ್ಪಿಕೊಂಡಳು. ಎಂಟು ದಿನದಲ್ಲಿ ಮಾಳಿಗೆಯ ತುಂಬ ನಮ್ಮ ಸಂಡಿಗೆ, ಮೂಲೆಯಲ್ಲಿ ಆಜಿಯ ಕುರಡಿಗೆ, ನಡುವೆ ಕೋಲು ಹಿಡಿದು ಕಾಗೆ ಓಡಿಸುತ್ತ ಸ್ವತಃ ಆಜಿ. ಅತ್ಯಾ ಕೆಳಗೆ ಮಲಗಿದ್ದಳು.

ಇಂಥ ಕೆಲಸಕ್ಕೆ ಹೊರಡುವ ಮುಂಚೆ ಆಕೆಯ ಒಂದು ಲಕ್ಷಣವಿತ್ತು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ತುಟಿ ಬಿಗಿದು, ಮೇಲಿನ ಜಂತಿಯನ್ನು ನೋಡುತ್ತಿದ್ದಳು. ಅದನ್ನು ಕಂಡೊಡನೆ ನಮ್ಮ ಮನೆಯವರು ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟುಬಿಡುತ್ತಿದ್ದರು, ಭಾನುವಾರವಾದರೂ ಸರಿ.

ನಾನು ಮದುವೆಯಾಗಿ ಬಂದ ಮರುದಿನ ಅಡಿಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು, ಅಡಿಗೆ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ. ಹೋಳಿಗೆಯಿಂದ ಹಿಡಿದು ಹುಗ್ಗಿಯವರೆಗೆ ಎಲ್ಲ ಒಪ್ಪಿಸಿದೆ. ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಅಂದಳು:

"ಯಾರ ಮುಂದೂ ಹೇಳಬ್ಯಾಡ ಹುಡಗೀ. ನಿನಗ ಅಡಿಗಿ ಬರ್ತದ ಅಂತ ಊರಾಗ ಗೊತ್ತಾತಂದ್ರ ನಾ ಇಲ್ಲಿಂದ ಹೋಗಬೇಕಾಗ್ತದ."

ಆಗಲೇ ನನಗೆ ವಿಷಯ ತಿಳಿದದ್ದು. ತಮ್ಮನಿಗೆ ಅನ್ನ ಬೇಯಿಸಿ ಹಾಕಲು ಬಂದಾಕೆ ಆಕೆ. ಬೇಯಿಸಿ ಹಾಕಲು ಹೆಂಡತಿ ಬಂದಾಯಿತು. ಇನ್ನು ಗಂಡನ ಮನೆಯವರು ನಮ್ಮ ಸೊಸೆಯನ್ನು ಕಳಿಸಿಕೊಡಿ ಎಂದರೆ ತಡೆಯಲು ಯಾವ ನೆಪವೂ ಇರಲಿಲ್ಲ. ನಮ್ಮ ಮನೆಯವರೋ, ಹಿರಿಯರಿಗೆ ಎದುರಾಡಿ ಗೊತ್ತಿಲ್ಲದ ಸಾಧು. ಅಂದಿನಿಂದ ಯಾರಾದರೂ ಊರಿನವರು ಬಂದರೆ ನಾನು ಸಾರಿಗೆ ಹುಣಸೆಹಣ್ಣು ಹಾಕುವುದನ್ನು ಮರೆಯುತ್ತಿದ್ದೆ. ಅತ್ಯಾ ಅವರ ಮುಂದೆ ನಿಟ್ಟುಸಿರು ಬಿಡುತ್ತಿದ್ದಳು. ಒಳಗೆ ಬಂದು ನನ್ನ ಬೆನ್ನು ತಟ್ಟುತ್ತಿದ್ದಳು. ನನ್ನ ಜನ್ಮದಲ್ಲಿ ನಾನು ಅಷ್ಟು ಕೆಟ್ಟ ಅಡಿಗೆ ಮಾಡಿದ್ದಿಲ್ಲ, ಅಷ್ಟು ಶಾಭಾಸ್‌ಗಿರಿಯನ್ನೂ ಗಳಿಸಿದ್ದಿಲ್ಲ.

ಇನ್ನು ಐಸ್‌ಕ್ರೀಮಿನ ಪಾಟು. ಮರದ ಬಕೀಟು, ಅದರೊಳಗೆ ಮುಚ್ಚಳವಿರುವ ಉದ್ದನೆಯ ಡಬ್ಬಿ, ಮೇಲೆ ತಿರುಗಿಸುವ ಹಿಡಿ. ವಾಡೆಗೆ ಬರುವ ಮೊದಲು ಅಕ್ಕ ತಮ್ಮ ಇಬ್ಬರೂ ಸ್ಟೇಶನ್ನಿನ ಹತ್ತಿರ ಇದ್ದರು. ಅಲ್ಲಿ ನೆರೆಮನೆಯಾಕೆ ಒಬ್ಬ ಆಂಗ್ಲೋ ಇಂಡಿಯನ್ ಇಂಜಿನ್ ಡ್ರೈವರನ ಹೆಂಡತಿ. ಅವರು ದೇಶ ಬಿಟ್ಟು ಹೋಗುವಾಗ ಆಕೆ ಅತ್ಯಾನ ಹಪ್ಪಳದ ನೆನಪಿಗೆ ಪಾಟನ್ನು ಕೊಟ್ಟು ಹೋದಳಂತೆ. ಆ ಡಬ್ಬಿಯಲ್ಲಿ ಅದುವರೆಗೆ ಎಷ್ಟು ತತ್ತಿ ಒಡೆದು ಹಾಕಿದ್ದರೋ ದೇವರೇ ಬಲ್ಲ. ಅತ್ಯಾ ಕಲಾಯಿಯವನನ್ನು ಕರೆಸಿ, ಎದುರಿಗೆ ಕೂತು ಕಲಾಯಿ ಹಾಕಿಸಿ, ಬಾವಿಯ ನೀರಿನಿಂದ ತೊಳೆದು, ಬೆಂಕಿಗೆ ಹಿಡಿದು, ಅರಿಸಿನ ಕುಂಕುಮ ಹಚ್ಚಿ ಒಳಗೆ ತಂದಳು. ಕಲಾಯಿ ಹಾಕಿದ ಪಾತ್ರೆ ಆಗಷ್ಟೇ ಹುಟ್ಟಿದ ಪಾತ್ರೆ ಎಂಬುದು ಆಕೆಯ ಸಿದ್ಧಾಂತ. ಹಿಂದಿನ ಜನ್ಮದ ವಿಚಾರ ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಬೇಸಿಗೆ ಏರಿದಂತೆ ಅತ್ಯಾನ ಭಕ್ತಿಯೂ ಏರುತ್ತಿತ್ತು. ಏಕಾದಶಿಯಂತೂ ಸರಿಯೇ, ಸೋಮವಾರ, ಶನಿವಾರ, ಸಂಕಷ್ಟಿ, ಒಂದನ್ನೂ ಬಿಡುತ್ತಿರಲಿಲ್ಲ. ಉಪವಾಸಕ್ಕೆ ಅನ್ನ ಬರುವುದಿಲ್ಲ, ಹಾಲು ಹಣ್ಣು ಸಕ್ಕರೆ ಬರುತ್ತದೆ. ಹಾಲು ಹಣ್ಣು ಸಕ್ಕರೆಯನ್ನು ಪಾಟಿನೊಳಗೆ ಹಾಕಿ ತಿರುಗಿಸಿದರೆ ತಪ್ಪೇನು? ಫಲಾಹಾರವೇ ಅಲ್ಲವೇ? ಮಳೆ ಬಿದ್ದ ಕೂಡಲೇ ಈ ಭಕ್ತಿಯಲ್ಲಿ ಅರ್ಧ ಇಳಿದುಹೋಗುತ್ತಿತ್ತು.

ಪಾಟು ಹೊರಬಂದ ದಿನ ವಾಡೆಗೆ ವಾಡೆಯೇ ಹಬ್ಬ. ನಮ್ಮ ಮನೆಯವರು ಸೈಕಲ್ಲಿನಲ್ಲಿ ಗಾಂಧಿಬಾಗಿನ ಪೇಟೆಗೆ ಹೋಗಿ ಬರ್ಫದ, ಅಂದರೆ ಐಸಿನ, ಹಲಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿ ತರುತ್ತಿದ್ದರು. ಬಿಸಿಲು ಬಡಿಯಬಾರದೆಂದು ಜೇಬಿನಲ್ಲಿ ಒಂದು ಉಳ್ಳಾಗಡ್ಡಿ. ದಾರಿಯುದ್ದಕ್ಕೂ ನೀರು ಸೋರಿಸುತ್ತ ಅವರು ಬಂದರೆ ಓಣಿಯ ಮಕ್ಕಳೆಲ್ಲ ಹಿಂದೆ. ಬಟ್ಟೆ ಒಗೆಯುವ ಬಡಿಗೆಯಿಂದ ಬರ್ಫವನ್ನು ಜಜ್ಜಿ, ಡಬ್ಬಿಯ ಸುತ್ತ ಒಂದು ಪದರು ಬರ್ಫ, ಒಂದು ಪದರು ಹರಳುಪ್ಪು ತುಂಬಬೇಕು. ಒಳಗೆ ಕಾಯಿಸಿ ಆರಿಸಿದ ಗಟ್ಟಿ ಹಾಲು, ಏಲಕ್ಕಿ, ಬೈಗನಪಲ್ಲಿ ಮಾವಿನ ರಸ. ಸೋಲಾಪುರದ ಮಕ್ಕಳು ಸರದಿಯಂತೆ ಹಿಡಿ ತಿರುಗಿಸುತ್ತಿದ್ದವು. ಮೊದಲು ಗರಗರ ತಿರುಗುತ್ತದೆ, ಬರಬರುತ್ತ ಬಿಗಿಯಾಗುತ್ತದೆ, ತಿರುಗಿಸುವವರ ಮುಖ ಕೆಂಪಾದರೆ ಒಳಗಿನದು ಗಟ್ಟಿಯಾಗಿದೆ ಎಂದು ಲೆಕ್ಕ.

ಮುಚ್ಚಳ ತೆಗೆಯುವ ಹಕ್ಕು ಮಾತ್ರ ಅತ್ಯಾಗೆ. ಸುತ್ತ ಒಣಬಟ್ಟೆಯಿಂದ ಒರೆಸಿ ಒರೆಸಿ ಆಮೇಲೆ ತೆಗೆಯಬೇಕು, ಇಲ್ಲದಿದ್ದರೆ ಮುಚ್ಚಳದ ಮೇಲಿನ ಉಪ್ಪುನೀರು ಒಳಗೆ ಇಳಿಯುತ್ತದೆ. ಇಳಿದರೂ ಕೆಡುವುದು ಮೇಲಿನ ಪದರವಷ್ಟೇ. ಹಿಂದೊಮ್ಮೆ ಹಾಗಾದಾಗ ಅತ್ಯಾ ಮೇಲಿನದನ್ನು ಕೆರೆದು ಚೆಲ್ಲಿ ಕೆಳಗಿನದನ್ನು ಬಡಿಸಿದ್ದಳು, ಯಾರಿಗೂ ಏನೂ ತಿಳಿದಿರಲಿಲ್ಲ.

ನಾನು ಬಂದ ಎರಡನೆಯ ಬೇಸಿಗೆಯಲ್ಲಿ ನಾವು ಹೆದರಿದ್ದೇ ಆಯಿತು. ಅತ್ಯಾನ ಗಂಡನ ಅಣ್ಣ, ನಾವೆಲ್ಲ ರಾಯರು ಅನ್ನುತ್ತಿದ್ದೆವು, ಮೂರು ಗಾಡಿ ಬದಲಿಸಿ ನಾಗಪುರಕ್ಕೆ ಬಂದಿಳಿದರು. ಅವರದು ಭಾರೀ ಮಡಿ. ದಾರಿಯಲ್ಲಿ ಕುಡಿಯುವ ನೀರನ್ನೂ ಊರಿನಿಂದಲೇ ಹೊತ್ತು ತಂದಿದ್ದರು. ಕರೆಯಲು ಹೋದ ನಮ್ಮ ಮನೆಯವರು ಜೇಬಿನ ಉಳ್ಳಾಗಡ್ಡಿಯನ್ನು ತೆಗೆದಿಡಲು ಮರೆತಿದ್ದರು. ಟಾಂಗಾದಲ್ಲಿ ರಾಯರು ಇಡೀ ದಾರಿ ಮೂಗಿಗೆ ಹೆಗಲ ಮೇಲಿನ ಉಪರಣೆ ಹಿಡಿದೇ ಬಂದರಂತೆ.

ಕೈಕಾಲು ತೊಳೆದು ಕೂತವರೇ ವಿಷಯ ಹೇಳಿದರು. ಎರಡು ದಿನ ಬಿಟ್ಟು ಏಕಾದಶಿ. ಅದನ್ನು ಇಲ್ಲೇ ಮಾಡಿ, ದ್ವಾದಶಿಯ ಪಾರಣೆ ಮುಗಿಸಿ, ಅತ್ಯಾನನ್ನು ಕರೆದುಕೊಂಡು ಹೊರಡುವುದು. ಈ ಊರಿನಲ್ಲಿ ನಳದ ನೀರು, ಮಶೀನಿನ ಹಿಟ್ಟು, ಹೊರಗಿನ ಬರ್ಫ. ಇಲ್ಲಿ ನಮ್ಮ ಮನೆತನದ ಆಚಾರ ಉಳಿಯುವುದಿಲ್ಲ, ಸೊಸೆ ಇಲ್ಲಿರುವುದು ಚಂದವಲ್ಲ ಅಂದರು. ಅವರ ಹೆಂಡತಿಗೆ ಸೊಂಟ ಹಿಡಿದು ಒಲೆಯ ಮುಂದೆ ಕೂರಲಾಗುತ್ತಿಲ್ಲ ಎಂಬ ಸುದ್ದಿ ಮಾತಿನ ಕೊನೆಗೆ, ಬೇರೆ ವಿಷಯವೆಂಬಂತೆ ಬಂತು. ನಮ್ಮ ಮನೆಯವರು ತಲೆ ಕೆಳಗೆ ಹಾಕಿ ನೆಲದ ಫರಸಿ ನೋಡುತ್ತಿದ್ದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವಲಕ್ಕಿಗೆ ಹಿಡಿ ಖಾರದ ಪುಡಿ ಹಾಕಿ ತಂದಿಟ್ಟೆ. ಅತ್ಯಾ ಹೋದರೆ ಆಕೆಯ ತಮ್ಮನ ಗತಿ ಏನಾದೀತೆಂದು ರಾಯರು ಯೋಚಿಸಲಿ ಎಂಬುದು ನಮ್ಮ ಹಳೆಯ ಉಪಾಯ. ಅವರು ಕಣ್ಣೀರು ಒರೆಸಿಕೊಂಡು, ಸಣ್ಣಾಕೆ, ಕಲಿಯುತ್ತಾಳೆ ಅಂದುಬಿಟ್ಟರು.

ಆ ಸಂಜೆ ಅತ್ಯಾ ಟ್ರಂಕು ತುಂಬತೊಡಗಿದಳು. ಕೆಳಗೆ ಕೂತು ಒಂದೇ ಸೀರೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ನನಗೆ ಅಳು ಬಂತು. ಇವರಾದರೂ ರಾಯರಿಗೆ ಏನಾದರೂ ಹೇಳಬಾರದೇ ಎಂದೆ. ಅಂವಾ ಹೇಳೂದಿಲ್ಲ, ನೀ ಹೇಳಿದ್ರ ನಡಿಯೂದಿಲ್ಲ, ನಾ ಹೇಳಲಿಕ್ಕೆ ಬರೂದಿಲ್ಲ ಅಂದಳು ಅತ್ಯಾ. ಹೌದು, ಯಾರೂ ಬೇಡ ಅನ್ನುವಂತಿರಲಿಲ್ಲ. ಆ ಕಾಲ ಹಾಗಿತ್ತು. ಹೆಂಗಸಿಗೆ ಎಲ್ಲಿರಬೇಕು ಎಂದು ಯಾರೂ ಕೇಳುತ್ತಿರಲಿಲ್ಲ, ಕರೆಯಲು ಬಂದವರ ಹಿಂದೆ ಹೋಗುವುದಷ್ಟೇ. ಟ್ರಂಕಿನ ಮುಚ್ಚಳ ಹಾಕಿ ಅತ್ಯಾ ಎದ್ದು ನಿಂತಳು. ಸೆರಗು ಸೊಂಟಕ್ಕೆ ಹೋಯಿತು. ಕಣ್ಣು ಜಂತಿಗೆ ಹೋಯಿತು.

"ಆಚಾರಿಲ್ಲ ಅಂತ ಹೇಳಿದ ಬಾಯಿನs, ಅದ ಅಂತ ಹೇಳಬೇಕು, ಹುಡಗೀ. ಬ್ಯಾರೆ ದಾರಿಲ್ಲ" ಅಂದಳು.

ಮರುದಿನದಿಂದ ಅತ್ಯಾ ಶಾಸ್ತ್ರ ಕೇಳತೊಡಗಿದಳು. ಮಧ್ಯಾಹ್ನ ಪಡಸಾಲೆಯಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ರಾಯರನ್ನು ಕೂರಿಸುವುದು, ಪಕ್ಕದಲ್ಲಿ ಆಜಿಯನ್ನು ಕರೆದು ಕೂರಿಸುವುದು, ತಾನು ಬಾಗಿಲ ಮರೆಯಲ್ಲಿ ನಿಂತು ಒಂದೊಂದೇ ಸಂಶಯ ಕೇಳುವುದು. ಆಜಿಗೂ ತಿಳಿಯಲಿ ಎಂದು ಎಲ್ಲ ಮರಾಠಿಯಲ್ಲೇ, ರಾಯರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಏಕಾದಶಿಗೆ ಹಾಲು ನಡೆಯುತ್ತದೆಯೇ? ನಡೆಯುತ್ತದೆ ಅಂದರು ರಾಯರು. ಸಕ್ಕರೆ? ಅದೂ ನಡೆಯುತ್ತದೆ. ಮಾವಿನಹಣ್ಣು? ಹಣ್ಣುಗಳಲ್ಲೇ ಶ್ರೇಷ್ಠ. ಉಪ್ಪು? ಉಪ್ಪು ಮಾತ್ರ ನಾಲಿಗೆಗೆ ತಾಗಿದರೂ ವ್ರತ ಕೆಟ್ಟಿತು, ನಾನಂತೂ ಹುಟ್ಟಿದಾಗಿನಿಂದ ಏಕಾದಶಿಯ ದಿನ ಮುಟ್ಟಿಲ್ಲ ಅಂದರು. ಪ್ರತಿ ಉತ್ತರಕ್ಕೂ ಆಜಿ 'ಬರೋಬರ್', ಸರಿಯೇ ಸರಿ, ಎಂದು ಗೋಣು ಹಾಕುತ್ತಿದ್ದಳು. ಇಷ್ಟು ಶ್ರದ್ಧೆಯಿಂದ ಕೇಳುವವರು ರಾಯರಿಗೆ ಊರಿನಲ್ಲೂ ಸಿಕ್ಕಿರಲಿಲ್ಲ.

ಕೊನೆಯದಾಗಿ ಅತ್ಯಾ, ಒಳಗೆ ನೈವೇದ್ಯವಿದ್ದು ಪಾತ್ರೆಯ ಬಾಯಿ ಮುಚ್ಚಿದ್ದರೆ, ಹೊರಗೆ ಏನು ತಾಗಿದರೂ ಒಳಗಿನದು ಮೈಲಿಗೆಯಾಗುತ್ತದೆಯೇ ಎಂದು ಕೇಳಿದಳು. ರಾಯರು ನಕ್ಕರು. ಕಾಶಿಯಿಂದ ಗಂಗೆಯ ಗಿಂಡಿ ಬರುತ್ತದಲ್ಲ, ಗಾಡಿಯಲ್ಲಿ ಯಾರು ಯಾರ ಕಾಲ ಬುಡದಲ್ಲಿ ಇಟ್ಟಿರುತ್ತಾರೆ, ಗಂಗೆ ಕೆಡುತ್ತಾಳೇನು, ಬಾಯಿ ಭದ್ರವಿದ್ದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ ಅಂದರು. ಆಜಿ ಎರಡು ಸಲ ಬರೋಬರ್ ಅಂದಳು. ಅತ್ಯಾ ದೂರದಿಂದಲೇ ಕೈಮುಗಿದು ಒಳಗೆ ಬಂದು, ನಾಳೆ ಬರ್ಫಕ್ಕೆ ಗಾಂಧಿಬಾಗಿಗೆ ಹೋಗಿ ಬಾ ಎಂದು ತಮ್ಮನಿಗೆ ಹೇಳಿದಳು.

ಏಕಾದಶಿಯ ದಿನ ಬಿಸಿಲು ಅಂದರೆ ಬಿಸಿಲು. ಕಾಗೆಯೂ ಕೂಗಲಿಲ್ಲ. ರಾಯರು ಬೆಳಿಗ್ಗೆಯಿಂದ ಒಂದು ಲೋಟ ಬಾವಿಯ ನೀರಿನ ಮೇಲಿದ್ದರು. ಮಧ್ಯಾಹ್ನ ಅಂಗಳದಲ್ಲಿ ಗರಗರ ಶುರುವಾಯಿತು. ಬೀಸುವ ಕಲ್ಲೆಂದು ತಿಳಿದು, ಉಪವಾಸದ ದಿನ ಯಾರಪ್ಪ ಬೀಸುತ್ತಿದ್ದಾರೆ ಎಂದು ಎದ್ದು ಬಂದರು. ನೋಡಿದರೆ ಬೇವಿನ ನೆರಳಲ್ಲಿ ಪಾಟು, ಸುತ್ತ ಸೋಲಾಪುರದ ಮಕ್ಕಳು, ನೆಲದ ತುಂಬ ಉಪ್ಪು, ಬರ್ಫ.

ಇದೇನು ಎಂದು ಕೇಳಿದರು. ಏಕಾದಶಿಯ ಫಲಾಹಾರ ಅಂದಳು ಅತ್ಯಾ. ರಾಯರು ಬಾಯಿ ತೆರೆಯುವುದರೊಳಗೆ ಒಪ್ಪಿಸಿಬಿಟ್ಟಳು. ಒಳಗೆ ಹಾಲು, ಸಕ್ಕರೆ, ಮಾವಿನಹಣ್ಣು. ಬರ್ಫ, ಉಪ್ಪು ಎಲ್ಲ ಹೊರಗೆ. ಬಾಯಿ ಭದ್ರ. ಗಂಗೆಯ ಗಿಂಡಿಯ ಹಾಗೆ. ಆಜಿ ಕಟ್ಟೆಯ ಮೇಲೆ ಕೂತಲ್ಲಿಂದಲೇ, ನೀವೇ ಹೇಳಿದಿರಲ್ಲ ರಾಯರೇ, ಬರೋಬರ್ ಇದೆ ಎಂದು ತೀರ್ಪು ಕೊಟ್ಟಳು. ರಾಯರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಪಾಟು ಎಲ್ಲಿಯದು ಎಂದು ಕೇಳಿದರು. ನನಗೆ ಆ ತತ್ತಿಗಳ ನೆನಪಾಯಿತು. ಸ್ಟೇಶನ್ ಕಡೆ ನೆರೆಮನೆಯವರದು, ಊರು ಬಿಟ್ಟು ಹೋಗುವಾಗ ಪ್ರೀತಿಯಿಂದ ಕೊಟ್ಟರು, ನಾನೇ ಎದುರಿಗೆ ಕೂತು ಕಲಾಯಿ ಹಾಕಿಸಿದ್ದೇನೆ ಅಂದಳು ಅತ್ಯಾ. ಒಂದಕ್ಷರ ಸುಳ್ಳಿಲ್ಲ ನೋಡಿ.

ರಾಯರು ಹೋಗಲಿಲ್ಲ. ಸ್ವಲ್ಪ ದೂರ ನಿಂತರು. ಆಮೇಲೆ ಸ್ವಲ್ಪ ಹತ್ತಿರ ನಿಂತರು. ಹಾಗಲ್ಲ, ಒಂದೇ ಸಮ ತಿರುಗಿಸಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟರು. ಹಿಡಿ ಬಿಗಿಯಾಗಿ ದೊಡ್ಡ ಹುಡುಗನ ಕೈಯಲ್ಲೂ ತಿರುಗದಾದಾಗ, ಸರೀರಿ ಅತ್ಲಾಗ ಎಂದವರೇ ಧೋತರ ಮೇಲಕ್ಕೆ ಕಟ್ಟಿ, ಜನಿವಾರವನ್ನು ಬೆನ್ನಿಗೆ ಸರಿಸಿ, ಕುಕ್ಕರುಗಾಲಲ್ಲಿ ಕೂತು ತಾವೇ ತಿರುಗಿಸತೊಡಗಿದರು. ಒಂದೊಂದು ಸುತ್ತಿಗೂ ಗೋವಿಂದ, ಗೋವಿಂದ ಅನ್ನುತ್ತಿದ್ದರು. ಸಣ್ಣ ಹುಡುಗಿಯೊಂದು ತಾನೂ ಗೋವಿಂದ ಅಂತು. ಎಲ್ಲ ಮಕ್ಕಳೂ ಅಂದವು. ವಾಡೆಯ ಅಂಗಳದಲ್ಲಿ ಐಸ್‌ಕ್ರೀಮಿಗೆ ಭಜನೆಯೇ ಶುರುವಾಯಿತು.

ಆಗ ಅತ್ಯಾ ನಕ್ಕಳು. ಸೆರಗು ಬಾಯಿಗೆ ಹಿಡಿದರೂ ತಡೆಯಲಾಗಲಿಲ್ಲ. ಬಾವಿಕಟ್ಟೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ರಾಯರ ಕೈ ನಿಂತಿತು. ಸಿಟ್ಟಾದರೋ ಏನೋ ಎಂದು ನಾನು ಹೆದರಿದೆ. ಅವರು ಆಕೆಯನ್ನು ಒಂದು ಗಳಿಗೆ ನೋಡಿ, ಮತ್ತೆ ಹಿಡಿ ತಿರುಗಿಸತೊಡಗಿದರು.

ಬಟ್ಟಲು ತರಲು ಅತ್ಯಾ, ಹಿಂದೆ ನಾನು ಒಳಗೆ ಹೋದದ್ದೇ ತಪ್ಪಾಯಿತು. ರಾಯರು ಕೈ ತೊಳೆಯಲು ಎದ್ದಿದ್ದರು. ತಡೆಯಲಾರದೆ ಆ ಸಣ್ಣ ಹುಡುಗಿ ಒರೆಸದೆಯೇ ಮುಚ್ಚಳ ಎತ್ತಿಬಿಟ್ಟಿತ್ತು. ಅತ್ಯಾ ಬಂದು ನೋಡಿದಳು. ಹುಡುಗಿಯ ತಲೆಗೆ ಮೆಲ್ಲಗೆ ಒಂದು ಕೊಟ್ಟಳು. ಬೆರಳ ತುದಿಯಿಂದ ಮೇಲಿನದನ್ನು ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದಳು. ಬೆಳ್ಳಿಯ ಬಟ್ಟಲು ತಾ ಎಂದು ನನ್ನನ್ನು ಮತ್ತೆ ಒಳಗೆ ಕಳಿಸಿದಳು. ನಾನು ಅದನ್ನು ಹುಡುಕಿ, ಬೂದಿ ಹಚ್ಚಿ ತಿಕ್ಕಿ ತರುವಷ್ಟರಲ್ಲಿ ದೇವರ ನೈವೇದ್ಯ ಆಗಿತ್ತು. ಬೆಳ್ಳಿಯ ಬಟ್ಟಲಿಗೆ ಅತ್ಯಾ ತಾನೇ ಬಡಿಸಿ ರಾಯರ ಮುಂದಿಟ್ಟಳು. ಮಕ್ಕಳು, ಆಜಿ, ನಮ್ಮ ಮನೆಯವರು, ಎಲ್ಲರೂ ತಮ್ಮ ಬಟ್ಟಲು ಹಿಡಿದು ರಾಯರ ಮೊದಲ ತುತ್ತಿಗೆ ಕಾಯುತ್ತ ಕೂತರು.

ರಾಯರು ಚಮಚೆ ಬಾಯಿಗಿಟ್ಟರು. ಹುಬ್ಬು ಮೇಲಕ್ಕೆ ಹೋಯಿತು. ಬಾಯಿ ಅಲುಗಲಿಲ್ಲ. ಹಲ್ಲು ಜುಮ್ಮೆಂದಿರಬೇಕು ಅಂದುಕೊಂಡೆ ನಾನು. ಅವರು ಅತ್ಯಾನ ಮುಖ ನೋಡಿದರು. ಅತ್ಯಾ ಕೈಯಲ್ಲಿ ಬೀಸಣಿಗೆ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಳು. ಹೇಗಿದೆ ಎಂದು ಆಜಿ ಕೇಳಿದಳು. ರಾಯರು ನುಂಗಿ, ಥಂಡಾ ಇದೆ ಅಂದರು. ಆಮೇಲೆ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದರು. ಇನ್ನಷ್ಟು ಬಡಿಸಲು ಹೋದರೆ ಕೈ ಅಡ್ಡ ಹಿಡಿದರು. ನನ್ನ ಬಟ್ಟಲಿನದಂತೂ ಅಮೃತದಂತಿತ್ತು. ಇಂಥದ್ದನ್ನು ಬೇಡ ಅಂದರಲ್ಲ, ಗಟ್ಟಿ ಮನುಷ್ಯ, ಇವರು ಸೋಲುವವರಲ್ಲ ಅಂದುಕೊಂಡೆ.

ಸಂಜೆಯೆಲ್ಲ ಅವರು ಜಪಮಣಿ ಹಿಡಿದು ಕೂತರು. ಬಾಗಿಲ ಪಕ್ಕದಲ್ಲಿ ಅತ್ಯಾನ ಟ್ರಂಕು ಹಗ್ಗ ಬಿಗಿಸಿಕೊಂಡು ಕೂತೇ ಇತ್ತು. ಬೆಳಿಗ್ಗೆ ಪಾರಣೆಯಾಯಿತು. ಟಾಂಗಾ ಬಂತು. ಮಕ್ಕಳು ಅತ್ಯಾನ ಸೀರೆ ಹಿಡಿದು ನಿಂತವು. ಟಾಂಗಾದವನು ಟ್ರಂಕಿಗೆ ಕೈ ಹಾಕಿದ. ಅದಲ್ಲ, ನನ್ನ ಗಂಟಷ್ಟೇ ಇಡು ಎಂದು ರಾಯರು ಅವನಿಗೆ ಹೇಳಿದರು. ನಮ್ಮ ಮನೆಯವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಅಂದರು:

"ನಿಮ್ಮಕ್ಕ ಇಲ್ಲೇ ಇರಲಿ. ಈ ಮನ್ಯಾಗ ಆಚಾರ ಶುದ್ಧ ಅದ. ನಾನs ಕಣ್ಣಾರೆ ನೋಡೀನಿ."

ಆಜಿ ಕಟ್ಟೆಯಿಂದ ಬರೋಬರ್ ಅಂದಳು. ನಾನು ಕುಣಿಯುವುದೊಂದು ಬಾಕಿ. ಅತ್ಯಾ ಮಾತ್ರ ಗಂಭೀರವಾಗಿ ಸೆರಗು ಹೊದ್ದು, ಸ್ಟೇಶನ್ನಿಗೆ ಬಂದು ಕಳಿಸಿ ಬರುತ್ತೇನೆ ಎಂದು ಟಾಂಗಾ ಹತ್ತಿದಳು. ನಾನೂ ಹತ್ತಿದೆ, ಗೆದ್ದ ಮೇಲಿನ ಆಕೆಯ ಮುಖ ನೋಡಬೇಕಿತ್ತು.

ಗಾಡಿ ನಿಂತಿತ್ತು. ರಾಯರಿಗೆ ಜಾಗ ಹಿಡಿದುಕೊಟ್ಟು ನಮ್ಮ ಮನೆಯವರು ಬೀಸಣಿಗೆ ಕೊಳ್ಳಲು ಹೋದರು. ಕಿಟಕಿಯ ಹೊರಗೆ ಅತ್ಯಾ, ನಾನು. ರಾಯರು ಸ್ವಲ್ಪ ಮುಂದೆ ಬಾಗಿದರು.

"ನಿನ್ನೆ ಅದರಾಗ ಉಪ್ಪಿತ್ತು, ತಂಗೀ."

ಅತ್ಯಾ ಪ್ಲಾಟ್‌ಫಾರ್ಮಿನ ನೆಲ ನೋಡತೊಡಗಿದಳು. ಕೇಳಿದ್ದಕ್ಕೆ ಹೇಳಿದೆ ಅನ್ನಲು ಅವರು ಏನನ್ನೂ ಕೇಳಿರಲಿಲ್ಲ.

"ವ್ರತಾ ಕೆಟ್ಟಿತು. ಇರಲಿ, ಊರಿಗೆ ಹೋಗಿ ಪ್ರಾಯಶ್ಚಿತ್ತ ಮಾಡ್ಕೋತೀನಿ. ಅಡಿಗಿಗೂ ಯಾರನ್ನರ ಇಟ್ಕೋತೀನಿ." ಅವರು ಕಿಟಕಿಯ ಸರಳು ಹಿಡಿದುಕೊಂಡರು. "ಒಂಬತ್ತು ವರ್ಷ ನಮ್ಮ ಮನ್ಯಾಗ ಇದ್ದಿ. ನೀ ನಕ್ಕದ್ದು ನಾ ಒಂದಿನಾನೂ ಕೇಳಿದ್ದಿಲ್ಲ. ನಿನ್ನೆ ಕೇಳಿದೆ. ಕರಕೊಂಡು ಹೋಗಿ ಏನ ಮಾಡಲಿ?"

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಗಾಡಿ ಹೊರಟಿತು. ರಾಯರು ಕೈ ಎತ್ತಿದರು, ಮತ್ತೆ ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಟಾಂಗಾದಲ್ಲಿ ಅತ್ಯಾ ಮುಖ ಹೊರಗೆ ತಿರುಗಿಸಿ ಕೂತಳು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಆಕೆಯ ಕೆನ್ನೆ ಒದ್ದೆಯಾಗಿತ್ತು. ಅಷ್ಟು ದೊಡ್ಡ ಗೆಲುವಿನ ದಿನ ಹೀಗೆ ಅಳುವುದನ್ನು ಕಂಡು ನಾನು ಆಕೆಯ ಕೈ ಹಿಡಿದುಕೊಂಡೆ. ಮಹಾಲಿನ ಓಣಿ ಬಂತು. ಅತ್ಯಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಂವಾ ಇಷ್ಟು ಚಲೋ ಮನಶ್ಯಾ ಅಂತ ಮೊದಲs ಗೊತ್ತಿದ್ರ, ಬುಡದಾಗಿನ ಸಿಹೀದು ಕೊಡತಿದ್ದೆ, ಹುಡಗೀ."